ನಿಶ್ಚಯದ ನೆಲೆ: ಶ್ರದ್ಧೆಯಿಂದ ಅನುಭಾವದವರೆಗೆ

ಯಾವ ಮತದವನನ್ನು ಕೇಳಿದರೂ ತನ್ನ ಮತವೇ ಸತ್ಯವೆಂದು ಹೇಳುತ್ತಾನೆ. ಅದನ್ನು ಆತನು ಬರಿಯ ಹಟಕ್ಕಾಗಿ ಹೇಳುವದಿಲ್ಲ. ಆತನ ಹೃದಯಕ್ಕೆ ಹಾಗೆಯೇ ತೋರುವದರಿಂದ ಹೇಳುತ್ತಾನೆ. ಲಿಂಗಭಕ್ತನಿಗೆ ಕರಸ್ಥಲದ ಇಷ್ಟಲಿಂಗದಲ್ಲಿ ಎಷ್ಟು ನಂಬಿಗೆಯೋ ಜೈನ ಶ್ರಾವಕನಿಗೆ ಜಿನೇಂದ್ರನ ಉಪದೇಶದಲ್ಲಿ ಅಷ್ಟೇ ನಂಬಿಗೆ; ಮುಸಲ್ಮಾನನಿಗೆ ಕುರಾನಿನಲ್ಲಿ, ಕ್ರೈಸ್ತನಿಗೆ ಬೈಬಲಿನಲ್ಲಿ, ವಾರಕರಿಗೆ ಪಂಢರಪುರದ ವಿಠ್ಠಲನಲ್ಲಿ ಅಷ್ಟೇ ನಂಬಿಗೆ. ಆದರೆ ಈ ನಂಬಿಗೆಗಳು ಎಲ್ಲ ವಿಷಯಗಳಲ್ಲಿಯೂ ಒಂದಕ್ಕೊಂದು ಹೊಂದುವದಿಲ್ಲ. ಜಗತ್ತಿಗೆ ಕರ್ತನುಂಟೆಂದು ಶೈವರು ಹೇಳಿದರೆ ಜೈನರು ಅಂಥ ಕರ್ತನನ್ನು ಒಪ್ಪುವದಿಲ್ಲ. ಪುನರ್ಜನ್ಮವನ್ನು ಒಬ್ಬರು ಒಪ್ಪಿದರೆ ಇನ್ನೊಬ್ಬರು ನಿರಾಕರಿಸುತ್ತಾರೆ. ಹೀಗಿರಲು ಪರಸ್ಪರ ವಿರುದ್ಧವಾದ ಮಾತುಗಳನ್ನು ಹಿಡಿದವರೆಲ್ಲರಿಗೂ ಒಂದೇ ಬಲದ ನಿಶ್ಚಯವು ಉಂಟಾಗುವದು ಹೇಗೆ? ನಿಶ್ಚಯವಿದ್ದ ಮಾತ್ರಕ್ಕೆ ಸತ್ಯವು ಕೈಸೇರಿತೆನ್ನಬಹುದೇ? ಈ ಪ್ರಶ್ನೆಗೆ ಷಟ್‌ಸ್ಥಲ ಮಾರ್ಗವು ಕೊಡುವ ಉತ್ತರವನ್ನು ತಿಳಿದುಕೊಳ್ಳುವದೇ ಈ ಪಾಠದ ಉದ್ದೇಶ.

ಒಂದು ಸೀಮೆ, ಹಲವು ನಿಶ್ಚಯಗಳು

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಈ ಸೀಮೆಗೆ ಮೇಲಿನ ಪ್ರಶ್ನೆ ಹೊಸದಲ್ಲ. ಮುಧೋಳವು ಕವಿಚಕ್ರವರ್ತಿ ರನ್ನನ ಜನ್ಮಭೂಮಿ. ಬಳೆಗಾರರ ಮನೆತನದಲ್ಲಿ ಹುಟ್ಟಿದ ಆ ಜೈನಕವಿಯು 993ರಲ್ಲಿ ‘ಅಜಿತಪುರಾಣ’ವನ್ನು ರಚಿಸಿ ತನ್ನ ಧರ್ಮಶ್ರದ್ಧೆಯನ್ನು ಪ್ರಕಟಿಸಿದನು. ರಬಕವಿ-ಬನಹಟ್ಟಿಗೆ ಸಮೀಪದ ತೇರದಾಳದಲ್ಲಿ ಮಾಂಡಲಿಕ ಗೊಂಕನು ಕಟ್ಟಿಸಿದ ನೇಮಿನಾಥ ಬಸದಿಯುಂಟು. ಅಲ್ಲಿಯ ಶಾಸನವು 1123ರದು. ಅದೇ ಊರಿನಲ್ಲಿ ಅಲ್ಲಮಪ್ರಭುದೇವರ ಗುಡಿಯೂ ಉಂಟು. ಜಮಖಂಡಿಯನ್ನು 1948ರ ವರೆಗೆ ಆಳಿದ ಪಟವರ್ಧನ ಮನೆತನದವರು ಗಣಪತಿಯ ಆರಾಧಕರು. ಮಗ್ಗದ ಊರುಗಳ ಒಂದೇ ಓಣಿಯಲ್ಲಿ ಲಿಂಗಪೂಜೆಯ ಗಂಟೆಯೂ ಮಸೀದಿಯ ಬಾಂಗೂ ಕೇಳಿಬರುವವು.

ಇಷ್ಟು ಹತ್ತಿರದಲ್ಲಿ ಬಾಳಿದ ಜನರು ಒಬ್ಬರ ಪ್ರಾಮಾಣಿಕತೆಯನ್ನು ಇನ್ನೊಬ್ಬರು ಬಲ್ಲರು. ಸಾಲ ಕೊಟ್ಟು ತಕ್ಕೊಂಡಿದ್ದಾರೆ, ಸುಖದುಃಖಗಳಿಗೆ ಕೂಡಿದ್ದಾರೆ. ಆದಕಾರಣ ಪರಮತದ ನೆರೆಯವನು ಮೂಢನೆಂದಾಗಲಿ ಕಪಟಿಯೆಂದಾಗಲಿ ಹೇಳಿ ಈ ಪ್ರಶ್ನೆಯನ್ನು ಬದಿಗೊತ್ತುವದು ಈ ಸೀಮೆಯವರಿಗೆ ಸಾಧ್ಯವಿಲ್ಲ. ಬುದ್ಧಿವಂತನೂ ಸತ್ಯವಂತನೂ ಆದ ಮನುಷ್ಯನು ತನ್ನದಕ್ಕಿಂತ ಬೇರೆಯಾದ ಮಾತನ್ನು ಅಷ್ಟೇ ದೃಢವಾಗಿ ನಂಬಿರುವದನ್ನು ಕಣ್ಣಾರೆ ಕಂಡಮೇಲೆ, ನಿಶ್ಚಯವೆಂಬುದು ಎಲ್ಲಿಂದ ಬರುವದೆಂದು ವಿಚಾರಿಸಲೇಬೇಕಾಗುವದು.

ನಿಶ್ಚಯವು ಹುಟ್ಟುವ ಬಗೆ

ಮೊದಲನೆಯ ಕಾರಣ ಸಂಸ್ಕಾರ. ಲಿಂಗವಂತರ ಮನೆಯಲ್ಲಿ ಕೂಸು ಕಣ್ಣು ಬಿಡುವ ದಿನಗಳಲ್ಲಿಯೇ ಅದಕ್ಕೆ ಲಿಂಗಧಾರಣೆಯಾಗುವದು. ಅಮ್ಮನ ಹಣೆಯ ವಿಭೂತಿ, ಅಜ್ಜನ ಪೂಜೆಯ ಮಣೆ, ಜಂಗಮರು ಬಂದಾಗ ಮನೆಯವರೆಲ್ಲ ಎದ್ದು ನಿಲ್ಲುವ ರೀತಿ ಇವೆಲ್ಲವನ್ನೂ ಕೂಸು ಮಾತು ಕಲಿಯುವ ಮೊದಲೇ ಕಲಿಯುವದು. ಬುದ್ಧಿ ಬೆಳೆದು ಪ್ರಶ್ನೆ ಕೇಳುವ ಹೊತ್ತಿಗೆ ಉತ್ತರವು ಆಗಲೇ ಮೈಯಲ್ಲಿ ಮನೆಮಾಡಿರುವದು. ಬೇರೆ ಮತದ ಮನೆಯಲ್ಲಿಯೂ ಕ್ರಮವು ಇದೇ. ಅದೇ ಕೂಸು ತೇರದಾಳದ ಶ್ರಾವಕರ ಮನೆಯಲ್ಲಿ ಹುಟ್ಟಿದ್ದರೆ ಪಂಚನಮಸ್ಕಾರ ಮಂತ್ರವನ್ನು ಇಷ್ಟೇ ನಂಬಿಗೆಯಿಂದ ಜಪಿಸುತ್ತಿತ್ತೆಂಬುದನ್ನು ಒಪ್ಪಿಕೊಳ್ಳಲು ಯಾವ ಸದ್ಭಕ್ತನೂ ಅಂಜಬೇಕಾದುದಿಲ್ಲ.

ಎರಡನೆಯ ಕಾರಣ ಸಹವಾಸ. ಸುತ್ತಲಿನವರೆಲ್ಲರೂ ಒಪ್ಪಿದ ಮಾತಿಗೆ ಸಾಕ್ಷಿ ಬೇಕೆಂದು ಯಾರಿಗೂ ತೋರುವದಿಲ್ಲ. ಜಾತ್ರೆಯಲ್ಲಿ ಸಾವಿರ ಕೈಗಳು ಒಂದೇ ಮಿಣಿ ಹಿಡಿದು ತೇರನ್ನು ಎಳೆಯುವಾಗ ಒಬ್ಬೊಬ್ಬನ ನಂಬಿಗೆಯೂ ಸಾವಿರ ಪಾಲು ಬಲವಾಗುವದು. ಮೂರನೆಯದು ಅಭ್ಯಾಸ. ನಿತ್ಯವೂ ಮಾಡಿದ ಕ್ರಿಯೆಯು ಮನಸ್ಸಿನಲ್ಲಿ ದಾರಿ ಮಾಡಿಕೊಳ್ಳುವದು. ಆ ದಾರಿಯಲ್ಲಿ ನಡೆಯುವದು ಸುಲಭವಾದುದರಿಂದ ಅದೇ ಸರಿಯಾದ ದಾರಿಯೆಂದೂ ತೋರುವದು.

ನಾಲ್ಕನೆಯದು ನೆನಪಿನ ಪಕ್ಷಪಾತ. ಮಗುವಿಗೆ ಜ್ವರ ಬಂದಾಗ ಹೊತ್ತ ಹರಕೆ ಫಲಿಸಿದರೆ ಅದು ಊರಿಗೆಲ್ಲ ತಿಳಿಯುವದು, ಮೊಮ್ಮಕ್ಕಳ ವರೆಗೆ ಕಥೆಯಾಗಿ ಉಳಿಯುವದು. ಫಲಿಸದ ಹರಕೆಯ ಸುದ್ದಿ ಮನೆಯ ಹೊಸ್ತಿಲನ್ನೂ ದಾಟುವದಿಲ್ಲ. ಆಂಗ್ಲ ತತ್ತ್ವಜ್ಞ ಫ್ರಾನ್ಸಿಸ್ ಬೇಕನನು 1620ರಲ್ಲಿ ಪ್ರಕಟಿಸಿದ ‘ನೋವಮ್ ಆರ್ಗನಮ್’ ಎಂಬ ಗ್ರಂಥದಲ್ಲಿ ಇದಕ್ಕೆ ಒಪ್ಪುವ ಒಂದು ಹಳೆಯ ಪ್ರಸಂಗವನ್ನು ಹೇಳಿದ್ದಾನೆ. ಹಡಗು ಮುಳುಗುವಾಗ ದೇವರಿಗೆ ಹರಕೆ ಹೊತ್ತು ಬದುಕಿಬಂದವರ ಚಿತ್ರಗಳನ್ನು ಗುಡಿಯಲ್ಲಿ ತೋರಿಸಿ, ಈಗಲಾದರೂ ದೇವರ ಶಕ್ತಿಯನ್ನು ಒಪ್ಪುವಿಯಾ ಎಂದು ಒಬ್ಬನನ್ನು ಕೇಳಿದರಂತೆ. ಹರಕೆ ಹೊತ್ತೂ ಮುಳುಗಿಹೋದವರ ಚಿತ್ರಗಳೆಲ್ಲಿವೆ ಎಂದು ಆತನು ಮರುಪ್ರಶ್ನೆ ಮಾಡಿದನು. ಈ ಪ್ರಶ್ನೆಯನ್ನು ಪ್ರತಿಯೊಂದು ಮತದವರೂ ತಮ್ಮ ತಮ್ಮ ಗುಡಿಯಲ್ಲಿ ನಿಂತು ಕೇಳಿಕೊಳ್ಳತಕ್ಕದ್ದು.

ಐದನೆಯದು ಭಯ ಮತ್ತು ಅಭಿಮಾನ. ಮತವು ತಪ್ಪೆಂದರೆ ತಂದೆತಾತಂದಿರು ತಪ್ಪಿದರೆಂದು ಹೇಳಿದಂತಾಗುವದೆಂಬ ಅಂಜಿಕೆಯಿಂದ ಮನಸ್ಸು ಪ್ರಶ್ನೆಯನ್ನು ಬಾಗಿಲಲ್ಲಿಯೇ ತಡೆಯುವದು. ಇಂಥ ನಿಶ್ಚಯವು ಹೊರಗೆ ಗಟ್ಟಿಯಾಗಿ ತೋರಿದರೂ ಒಳಗೆ ಅಳುಕುತ್ತಿರುವದು.

ಇಲ್ಲಿ ಒಂದು ಆಕ್ಷೇಪ ಏಳುವದು. ನಿಶ್ಚಯಕ್ಕೆ ಹುಟ್ಟು, ಸಹವಾಸ, ಅಭ್ಯಾಸಗಳು ಕಾರಣವೆಂದಾದರೆ ನಂಬಿಗೆಯೆಲ್ಲವೂ ಸುಳ್ಳೆಂದಾಯಿತಲ್ಲವೇ? ಹಾಗಾಗುವದಿಲ್ಲ. ಒಂದು ಮಾತು ಎಲ್ಲಿಂದ ಬಂದಿತೆಂಬುದು ಬೇರೆ. ಅದು ನಿಜವೋ ಅಲ್ಲವೋ ಎಂಬುದು ಬೇರೆ. ಎರಡೆರಡು ನಾಲ್ಕೆಂಬುದನ್ನೂ ಮಗುವು ಶಾಲೆಯಲ್ಲಿ ಗುರುಗಳ ಬಾಯಿಂದಲೇ ಕಲಿಯುವದು. ಕೇಳಿ ಕಲಿತದ್ದೆಂಬ ಕಾರಣದಿಂದ ಅದು ಸುಳ್ಳಾಗುವದಿಲ್ಲ. ಆದರೆ ಹುಟ್ಟಿನಿಂದ ಬಂದ ನಿಶ್ಚಯವನ್ನು ತಾನು ವಿಚಾರಿಸಿ ಗಳಿಸಿದುದೆಂದು ತಿಳಿದು, ಅದರ ಬಲದಿಂದ ಇನ್ನೊಬ್ಬನನ್ನು ಜರೆಯುವದು ಸಲ್ಲದು. ಪಿತ್ರಾರ್ಜಿತ ಆಸ್ತಿಗೆ ಒಡೆಯನಾದವನು ಅದನ್ನು ಸ್ವಯಾರ್ಜಿತವೆಂದು ಹೇಳಿಕೊಂಡಂತೆ ಆಗುವದು.

ಶಾಸ್ತ್ರಕಾರರ ವಿಚಾರ

ಜ್ಞಾನವು ಪ್ರಮಾಣವೆಂದು ತಿಳಿಯುವದು ಹೇಗೆಂಬುದನ್ನು ಭಾರತೀಯ ಶಾಸ್ತ್ರಕಾರರು ಬಹು ಸೂಕ್ಷ್ಮವಾಗಿ ಚರ್ಚಿಸಿದ್ದಾರೆ. ಮೀಮಾಂಸಕರದು ಸ್ವತಃಪ್ರಾಮಾಣ್ಯವಾದ. ಜ್ಞಾನವು ಹುಟ್ಟುವಾಗಲೇ ತಾನು ನಿಜವೆಂಬ ಭರವಸೆಯೊಡನೆ ಹುಟ್ಟುವದು. ಅದನ್ನು ಬಾಧಿಸುವ ಇನ್ನೊಂದು ಜ್ಞಾನ ಬರುವ ವರೆಗೆ, ಅಥವಾ ಅದರ ಕಾರಣದಲ್ಲಿ ದೋಷ ಕಾಣುವ ವರೆಗೆ, ಆ ಭರವಸೆ ಕೆಡುವದಿಲ್ಲ. ಮರಳಿನಲ್ಲಿ ಹೊಳೆಯುವ ಸಿಪ್ಪೆಯನ್ನು ಬೆಳ್ಳಿಯೆಂದು ಕಂಡವನಿಗೆ ಆ ಕ್ಷಣದಲ್ಲಿ ಅದು ಬೆಳ್ಳಿಯೇ. ನೈಯಾಯಿಕರು ಇದನ್ನು ಒಪ್ಪದೆ ಪರತಃಪ್ರಾಮಾಣ್ಯವನ್ನು ಹೇಳಿದರು. ನೀರೆಂದು ಕಂಡುದು ನೀರೋ ಬಿಸಿಲ್ಗುದುರೆಯೋ ಎಂಬುದು ಬರಿಯ ಕಾಣುವಿಕೆಯಿಂದ ತಿಳಿಯದು. ಹತ್ತಿರ ಹೋಗಿ ಕುಡಿದಾಗ ನೀರಡಿಕೆ ಹಿಂಗಿದರೆ ಮಾತ್ರ ಆ ಜ್ಞಾನವು ಪ್ರಮಾಣವೆಂದು ತಿಳಿಯುವದು.

ಈ ಎರಡು ವಾದಗಳು ಪರಸ್ಪರ ವಿರುದ್ಧವಾದರೂ ಪ್ರಸ್ತುತ ವಿಷಯಕ್ಕೆ ಎರಡೂ ಉಪಕಾರಿಗಳು. ಎಲ್ಲ ಮತದವರಿಗೂ ನಿಶ್ಚಯವು ಏಕೆ ಉಂಟಾಗುವದೆಂಬುದನ್ನು ಮೀಮಾಂಸಕರ ಮಾತು ತಿಳಿಸುವದು. ಆ ನಿಶ್ಚಯವನ್ನು ಒರೆಗೆ ಹಚ್ಚುವದು ಹೇಗೆಂಬುದನ್ನು ನೈಯಾಯಿಕರ ಮಾತು ತಿಳಿಸುವದು. ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಮಗ್ಗದ ಮೇಲಿರುವಾಗ ಎಲ್ಲ ಸೀರೆಗಳ ಬಣ್ಣವೂ ಗಟ್ಟಿಯಾಗಿಯೇ ಕಾಣುವದು. ಬಣ್ಣ ನಿಲ್ಲುವದೋ ಬಿಡುವದೋ ಎಂಬುದು ನೀರಿಗೆ ಹಾಕಿದಾಗ ತಿಳಿಯುವದು.

ಕಟ್ಟಿನಲ್ಲಿ ಪೂಜೆಗೊಂಡ ವಚನ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಸೀಮೆಯಲ್ಲಿಯೇ ನಡೆದ ಒಂದು ಸಂಗತಿಯು ಇಲ್ಲಿ ಮನನಯೋಗ್ಯವಾಗಿದೆ. ಅಂದಿನ ಅನೇಕ ಲಿಂಗವಂತರ ಮನೆಗಳಲ್ಲಿ ತಾಡವೋಲೆಯ ಕಟ್ಟುಗಳಿದ್ದವು. ಅವುಗಳನ್ನು ಜಗಲಿಯ ಮೇಲಿಟ್ಟು ವಿಭೂತಿ ಹಚ್ಚಿ ಪತ್ರಿ ಪುಷ್ಪಗಳಿಂದ ಪೂಜಿಸುತ್ತಿದ್ದರು; ಬಿಚ್ಚಿ ಓದುವವರು ವಿರಳ. ಕಟ್ಟು ಪವಿತ್ರವೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಒಳಗೆ ಏನಿದೆಯೆಂಬುದು ಬಹುಜನರಿಗೆ ತಿಳಿದಿರಲಿಲ್ಲ.

ವಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು (1880-1964) ಇಂಥ ಕಟ್ಟುಗಳನ್ನು ಹುಡುಕಿ ಊರೂರು ಅಲೆದರು. ಅವರಿಗೆ ಮೊಟ್ಟಮೊದಲು ಈ ಸಾಹಿತ್ಯದ ರುಚಿ ಹತ್ತಿಸಿದ ಓಲೆಗಳು ದೊರೆತುದು ರಬಕವಿ-ಬನಹಟ್ಟಿಯ ಒಂದು ಮನೆಯಲ್ಲಿ. ಮುಂದೆ 1923ರಲ್ಲಿ ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ಹೊರಬಂದಿತು. ಮನೆಯನ್ನು ಮಾರಿ ಮುದ್ರಣಾಲಯವನ್ನು ಸ್ಥಾಪಿಸಿ, 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಸಿದರು.

ಓದಿದಾಗ ಕಂಡುದೇನು? ಆ ಕಟ್ಟುಗಳಲ್ಲಿ ಪೂಜಕನನ್ನೇ ಪ್ರಶ್ನಿಸುವ ಮಾತುಗಳಿದ್ದವು. ನಡೆಯಿಲ್ಲದ ನುಡಿಯನ್ನೂ, ಅರಿವಿಲ್ಲದ ಆಚಾರವನ್ನೂ, ಜಾತಿಯ ಹಮ್ಮನ್ನೂ ಶರಣರು ನಿಷ್ಠುರವಾಗಿ ಖಂಡಿಸಿದ್ದರು. ಕಟ್ಟನ್ನು ಕಣ್ಣಿಗೊತ್ತಿಕೊಂಡು ಸಮಾಧಾನದಿಂದಿದ್ದ ಮನೆಗಳಿಗೆ ಅದರೊಳಗಿನ ಮಾತು ಸಮಾಧಾನವನ್ನು ಕೊಡುವಂಥದಾಗಿರಲಿಲ್ಲ. ಓದದಿದ್ದ ಕಾಲದ ನಿಶ್ಚಯ ಮತ್ತು ಓದಿದ ಮೇಲಣ ನಿಶ್ಚಯ, ಇವೆರಡೂ ಒಂದೇ ವಸ್ತುವಿನ ಮೇಲಿದ್ದರೂ ಒಂದೇ ಜಾತಿಯವಲ್ಲ. ಆದರೂ ಓದದೆ ಪೂಜಿಸಿದವರನ್ನು ಹಗುರಾಗಿ ಕಾಣಲಾಗದು. ಅವರ ಶ್ರದ್ಧೆಯಿಂದಲೇ ಓಲೆಗಳು ಗೆದ್ದಲು ನೀರುಗಳ ಪಾಲಾಗದೆ ಉಳಿದವು. ಶ್ರದ್ಧೆಯು ಕಾಯ್ದುದನ್ನು ವಿಚಾರವು ಬಿಚ್ಚಿತು. ಎರಡರಲ್ಲಿ ಒಂದಿಲ್ಲದಿದ್ದರೂ ವಚನವು ಇಂದಿನ ಮಕ್ಕಳ ಕೈಗೆ ಬರುತ್ತಿರಲಿಲ್ಲ.

ಜಮಖಂಡಿಯ ತತ್ತ್ವಜ್ಞರು

ನಿಶ್ಚಯದ ಪ್ರಶ್ನೆಯನ್ನೇ ಜೀವಮಾನದ ವಿಷಯವನ್ನಾಗಿ ಮಾಡಿಕೊಂಡ ಮಹನೀಯರೊಬ್ಬರು 1886ರಲ್ಲಿ ಜಮಖಂಡಿಯಲ್ಲಿ ಜನ್ಮ ತಾಳಿದರು. ಅವರೇ ಗುರುದೇವ ರಾಮಚಂದ್ರ ದತ್ತಾತ್ರೇಯ ರಾನಡೆಯವರು. ಮುಂದೆ ಅಲಹಾಬಾದ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ, ಕುಲಪತಿಗಳೂ ಆಗಿ, 1957ರಲ್ಲಿ ನಿಂಬಾಳದಲ್ಲಿ ದೇಹವಿಟ್ಟರು. ಬ್ರಾಹ್ಮಣ ಮನೆತನದ ಈ ಪಂಡಿತರು ಉಮದಿಯ ಭಾವೂಸಾಹೇಬ ಮಹಾರಾಜರ ಶಿಷ್ಯರು. ಆ ಪರಂಪರೆಯ ಮೂಲಪುರುಷರಾದ ನಿಂಬರಗಿ ಮಹಾರಾಜರು ಲಿಂಗಾಯತ ಮನೆತನದವರು. ಗುರುಲಿಂಗಜಂಗಮ ಮಹಾರಾಜರೆಂದೂ ಅವರಿಗೆ ಹೆಸರು. ಕುಲಮತಗಳ ಗೋಡೆಯನ್ನು ದಾಟಿ ನಾಮದೀಕ್ಷೆಯು ಹರಿದುಬಂದುದಕ್ಕೆ ಈ ಸೀಮೆಯೇ ಸಾಕ್ಷಿಯಾಗಿದೆ.

ಅನುಭಾವಿಗೆ ತನ್ನ ಅನುಭವದಲ್ಲಿ ಸಂಶಯವಿರುವದಿಲ್ಲ. ಆದರೆ ಭ್ರಾಂತನಿಗೂ ತನ್ನ ಭ್ರಾಂತಿಯಲ್ಲಿ ಸಂಶಯವಿರುವದಿಲ್ಲ. ಇವರಿಬ್ಬರನ್ನು ಬೇರ್ಪಡಿಸುವದು ಹೇಗೆ? ರಾನಡೆಯವರು 1933ರಲ್ಲಿ ಪ್ರಕಟವಾದ ‘ಮಿಸ್ಟಿಸಿಜಂ ಇನ್ ಮಹಾರಾಷ್ಟ್ರ’ ಎಂಬ ಆಂಗ್ಲ ಗ್ರಂಥದ ಮುನ್ನುಡಿಯಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡು ಕೆಲವು ಒರೆಗಲ್ಲುಗಳನ್ನು ಹೇಳಿದ್ದಾರೆ. ಆ ಅನುಭವವು ಒಂದು ದೇಶ, ಒಂದು ಜಾತಿ, ಒಂದು ಕಾಲಕ್ಕೆ ಸೀಮಿತವಾಗದೆ ಸರ್ವತ್ರ ಕಾಣತಕ್ಕದ್ದು, ಅನುಭಾವಿಯ ಬುದ್ಧಿಯನ್ನು ಅದು ಮಂಕುಗೊಳಿಸತಕ್ಕದ್ದಲ್ಲ, ಭಾವವನ್ನು ಶುದ್ಧಗೊಳಿಸತಕ್ಕದ್ದು, ಎಲ್ಲಕ್ಕೂ ಮಿಗಿಲಾಗಿ ಆತನ ನೀತಿಯನ್ನು ಉನ್ನತಗೊಳಿಸತಕ್ಕದ್ದು. ಅವರ ದೇಹಾನಂತರ 1960ರಲ್ಲಿ ಹೊರಬಂದ ಕನ್ನಡ ಸಂತಸಾಹಿತ್ಯದ ಮೇಲಣ ಗ್ರಂಥದಲ್ಲಿ ಶರಣರನ್ನೂ ದಾಸರನ್ನೂ ಅವರು ಒಂದೇ ಅನುಭಾವಮಾರ್ಗದ ಪಥಿಕರೆಂದು ಕಂಡರು.

ಅಮೇರಿಕೆಯ ವಿಲಿಯಂ ಜೇಮ್ಸ್ ಎಂಬ ಮನಶ್ಶಾಸ್ತ್ರಜ್ಞನೂ 1902ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಇದಕ್ಕೆ ಹತ್ತಿರದ ನಿರ್ಣಯಕ್ಕೆ ಬಂದನು. ಅನುಭಾವವನ್ನು ಪಡೆದವನಿಗೆ ಅದು ಪ್ರಮಾಣವಾಗುವದು ಸಹಜ. ಆದರೆ ಅದನ್ನು ಪಡೆಯದವರು ವಿಚಾರಿಸದೆ ಒಪ್ಪಿಕೊಳ್ಳಬೇಕೆಂದು ಒತ್ತಾಯಿಸುವ ಅಧಿಕಾರವು ಅದರಿಂದ ಬರುವದಿಲ್ಲವೆಂದು ಆತನ ಅಭಿಪ್ರಾಯ.

ಷಟ್‌ಸ್ಥಲದಲ್ಲಿ ನಿಶ್ಚಯದ ಸ್ಥಾನ

ಈಗ ಷಟ್‌ಸ್ಥಲದ ಕಡೆಗೆ ದೃಷ್ಟಿ ಹೊರಳಿಸೋಣ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಿಗೆ ಅನುಕ್ರಮವಾಗಿ ಶ್ರದ್ಧೆ, ನಿಷ್ಠೆ, ಅವಧಾನ, ಅನುಭವ, ಆನಂದ, ಸಮರಸ ಎಂಬ ಆರು ಭಕ್ತಿಗಳನ್ನು ಹೇಳಿದೆ. ಈ ಕ್ರಮವನ್ನು ಬಾಯಿಪಾಠ ಮಾಡಿದವರು ಬಹಳ. ಅದರಲ್ಲಡಗಿದ ಸೂಕ್ಷ್ಮವನ್ನು ಗಮನಿಸಿದವರು ಕೆಲವರು.

ಲೋಕದಲ್ಲಿ ಜನರು ತಮ್ಮ ಮತದಲ್ಲಿ ಹೊಂದಿರುವ ದೃಢನಿಶ್ಚಯವು ಈ ಶ್ರೇಣಿಯಲ್ಲಿ ಎಲ್ಲಿ ಬರುವದು? ಮನೆತನದಿಂದ ಬಂದುದು ಶ್ರದ್ಧೆ. ಅದು ಅಲುಗದೆ ನಿಂತಾಗ ನಿಷ್ಠೆ. ಅಂದರೆ ಬಹುಜನರು ಯಾವುದನ್ನು ಧರ್ಮದ ಶಿಖರವೆಂದು ತಿಳಿದಿರುವರೋ ಆ ಅಚಲ ನಂಬಿಗೆಯು ಷಟ್‌ಸ್ಥಲದಲ್ಲಿ ಎರಡನೆಯ ಮೆಟ್ಟಿಲು. ಅದರ ಮೇಲೆ ಇನ್ನೂ ನಾಲ್ಕು ಮೆಟ್ಟಿಲುಗಳಿವೆ. ಮೂರನೆಯದಾದ ಅವಧಾನವೆಂದರೆ ಎಚ್ಚರ. ತಾನು ಲಿಂಗಕ್ಕೆ ಅರ್ಪಿಸುವದು ಅರ್ಪಣಕ್ಕೆ ಯೋಗ್ಯವೋ ಅಲ್ಲವೋ, ತನ್ನ ಇಂದ್ರಿಯಗಳು ಎತ್ತ ಹರಿಯುತ್ತಿವೆ, ತನ್ನ ಕಾಯಕದ ಹಣ ಶುದ್ಧವೋ ಅಶುದ್ಧವೋ ಎಂದು ಪ್ರಸಾದಿಯು ಸದಾ ನೋಡುತ್ತಿರುವನು. ಪರೀಕ್ಷೆಯು ಇಲ್ಲಿ ನೆರೆಯವನ ಮತದ ಮೇಲಲ್ಲದೆ ಸ್ವಂತ ಜೀವನದ ಮೇಲೆ ನಡೆಯುವದು. ಹೀಗೆ ಶೋಧಿತವಾದ ನಿಷ್ಠೆಯೇ ಪ್ರಾಣಲಿಂಗಿಯಲ್ಲಿ ಅನುಭವವಾಗಿ ಪರಿಣಮಿಸುವದು.

ಶೂನ್ಯಸಂಪಾದನೆಯ ಸಿದ್ಧರಾಮನ ಪ್ರಸಂಗವು ಇದಕ್ಕೆ ಉಜ್ಜ್ವಲ ನಿದರ್ಶನ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿ, ಗುಡಿ ಕಟ್ಟಿಸಿ, ಲೋಕೋಪಕಾರದಲ್ಲಿ ತೊಡಗಿದ್ದ ಆ ಮಹಾಪುರುಷನಿಗೆ ತನ್ನ ಮಾರ್ಗದಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ. ಆತನ ಕಾರ್ಯವೂ ಸತ್ಕಾರ್ಯವೇ. ಆದರೂ ಅಲ್ಲಮಪ್ರಭುವು ಆತನ ಎದುರು ನಿಂತು ಆ ನಿಶ್ಚಯವನ್ನೇ ಪ್ರಶ್ನಿಸಿದನು. ಸಿದ್ಧರಾಮನು ಮೊದಲು ಕೋಪಿಸಿದರೂ ಕೊನೆಗೆ ಕಲ್ಯಾಣಕ್ಕೆ ಬಂದು ಚೆನ್ನಬಸವಣ್ಣನಿಂದ ಇಷ್ಟಲಿಂಗದೀಕ್ಷೆಯನ್ನು ಪಡೆದನು. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಗೂ ಪ್ರಶ್ನೆಗಳು ತಪ್ಪಲಿಲ್ಲ. ಅನುಭವಮಂಟಪದಲ್ಲಿ ಪ್ರಶ್ನೆಯು ಅವಮಾನವೆನಿಸಿರಲಿಲ್ಲ. ಅದು ಶಿವಾನುಭವ ಗೋಷ್ಠಿಯ ಜೀವಾಳವಾಗಿತ್ತು.

ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಬೀಳಗಿ ಸೀಮೆಯ ನದೀತೀರದ ಹಲವು ಗ್ರಾಮಗಳು ಮುಳುಗಿದ ಸಂಗತಿಯನ್ನು ಈ ದೃಷ್ಟಿಯಿಂದ ನೋಡಬಹುದು. ತಲೆತಲಾಂತರದಿಂದ ನಡೆದುಕೊಂಡ ಗುಡಿ, ತೇರು ಎಳೆದ ಬೀದಿ, ಹಿರಿಯರ ಗದ್ದುಗೆ ಇವುಗಳನ್ನು ಬಿಟ್ಟು ಹೋಗುವಾಗಿನ ಸಂಕಟವು ಸಣ್ಣದಲ್ಲ. ಆ ನೆಲದಲ್ಲಿಯೇ ತನ್ನ ನಂಬಿಗೆಯನ್ನೆಲ್ಲ ಇಟ್ಟವನಿಗೆ ನೆಲದೊಡನೆ ನಂಬಿಗೆಯೂ ಅಲುಗುವದು. ಎದೆಯ ಮೇಲಣ ಲಿಂಗವಾದರೋ ಭಕ್ತನೊಡನೆ ಪುನರ್ವಸತಿಯ ಊರಿಗೂ ಬಂದಿತು. ಸ್ಥಾವರಕ್ಕೂ ಜಂಗಮಕ್ಕೂ ಶರಣರು ಮಾಡಿದ ಭೇದದ ಅರ್ಥವು ಇಂಥ ಸಮಯದಲ್ಲಿ ಮನದಟ್ಟಾಗುವದು. ಹೊರಗಿನ ಆಸರೆಗಳು ಒಂದೊಂದಾಗಿ ಕಳಚಿದ ಮೇಲೆಯೂ ಉಳಿಯುವ ನಿಶ್ಚಯವು ಎಷ್ಟಿದೆಯೋ ಅಷ್ಟೇ ಭಕ್ತನ ಸ್ವಂತದ್ದು.

ಗೃಹಸ್ಥರು ಗಮನಿಸತಕ್ಕ ಲಕ್ಷಣಗಳು

ತನ್ನ ನಿಶ್ಚಯವು ಯಾವ ಮೆಟ್ಟಿಲಿನದೆಂದು ತಿಳಿಯಲು ಗೃಹಸ್ಥನು ಮೂರು ಲಕ್ಷಣಗಳನ್ನು ನೋಡಿಕೊಳ್ಳಬಹುದು. ಒಂದನೆಯದು, ಪ್ರಶ್ನೆ ಬಂದಾಗ ಮನಸ್ಸಿನಲ್ಲಿ ಏಳುವ ಭಾವ. ಮಗನೋ ಮಗಳೋ ಲಿಂಗವನ್ನೇಕೆ ಕಟ್ಟಿಕೊಳ್ಳಬೇಕೆಂದು ಕೇಳಿದರೆ ಸಿಟ್ಟು ಮೊದಲು ಬರುವದಾದರೆ ನಿಶ್ಚಯದಲ್ಲಿ ಭಯದ ಪಾಲು ಹೆಚ್ಚೆಂದು ತಿಳಿಯಬೇಕು. ಎರಡನೆಯದು, ನಿಶ್ಚಯವು ನಡೆಯಲ್ಲಿ ಇಳಿದಿದೆಯೋ ಇಲ್ಲವೋ ಎಂಬುದು. ಪೂಜೆಯು ಬಿಡದೆ ನಡೆದು, ತೂಕದಲ್ಲಿ ಮೋಸವೂ ಕೂಲಿಯವನ ಹಣದಲ್ಲಿ ಕಡಿತವೂ ಬಿಡದೆ ನಡೆದರೆ ಬಣ್ಣವು ನೀರಿನಲ್ಲಿ ನಿಲ್ಲಲಿಲ್ಲವೆಂದೇ ಅರ್ಥ. ಮೂರನೆಯದು, ತನ್ನದು ನಿಜವಾಗಲು ಇನ್ನೊಬ್ಬರದು ಸುಳ್ಳಾಗಲೇಬೇಕೇ ಎಂಬುದು. ಹಸಿವು ಹಿಂಗಿದವನು ನೆರೆಯವನ ಎಡೆಯನ್ನು ದೂಷಿಸುವದಿಲ್ಲ.

ಈ ವಿಚಾರವು ಪರಮತದವರ ವಿಷಯದಲ್ಲಿ ಮಾತ್ರ ಅನ್ವಯಿಸುವದೆಂದು ತಿಳಿಯಬಾರದು. ವೀರಶೈವ, ಲಿಂಗಾಯತ ಎಂಬ ಹೆಸರುಗಳ ಬಗೆಗೂ ಸ್ವತಂತ್ರ ಧರ್ಮದ ಮಾನ್ಯತೆಯ ಬಗೆಗೂ 2017 ಮತ್ತು 2018ರಲ್ಲಿ ಎದ್ದ ವಾದವು ಊರೂರಿನ ಪಡಸಾಲೆಗಳನ್ನು ಹೊಕ್ಕಿತು. ಇಷ್ಟಲಿಂಗವನ್ನು ಧರಿಸಿದವರೇ ಎರಡೂ ಪಕ್ಷಗಳಲ್ಲಿದ್ದರು. ಎರಡೂ ಪಕ್ಷಗಳಿಗೆ ತಮ್ಮ ಮಾತಿನಲ್ಲಿ ಪೂರ್ಣ ನಿಶ್ಚಯವಿತ್ತು. ಇತಿಹಾಸ ಶಾಸನಗಳ ಪ್ರಶ್ನೆಯನ್ನು ಪಂಡಿತರು ಆಧಾರಗಳಿಂದ ನಿರ್ಣಯಿಸಬೇಕು. ಅದನ್ನು ನಿಶ್ಚಯದ ಬಲದಿಂದ ನಿರ್ಣಯಿಸಲಾಗದು. ಆದರೆ ಆ ವಾದದ ಸಲುವಾಗಿ ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಪ್ರಸಾದಕ್ಕೆ ಕೂಡದಂತಾದರೆ, ಗೆದ್ದ ಪಕ್ಷವು ಯಾವುದಾದರೂ ಪ್ರಸಾದಿಸ್ಥಲವನ್ನು ಎರಡೂ ಪಕ್ಷದವರು ಕಳೆದುಕೊಂಡಂತಾಗುವದು.

ಆದುದರಿಂದ ಸದ್ಭಕ್ತರು ತಂದೆತಾಯಿಗಳಿಂದ ಬಂದ ಶ್ರದ್ಧೆಯನ್ನು ಬಿಡಬೇಕಾದುದಿಲ್ಲ, ನಿಷ್ಠೆಯನ್ನು ಸಡಿಲಿಸಬೇಕಾದುದಿಲ್ಲ. ಅದು ಏರುವ ಮೆಟ್ಟಿಲೆಂಬುದನ್ನು ಮರೆತು ಅಲ್ಲಿಯೇ ಮನೆ ಕಟ್ಟಿಕೊಳ್ಳದಿದ್ದರೆ ಸಾಕು. ಬನಹಟ್ಟಿಯ ಓಲೆಯ ಕಟ್ಟನ್ನು ಬಿಚ್ಚಿ ಓದಿದಂತೆ ತನ್ನ ನಂಬಿಗೆಯ ಕಟ್ಟನ್ನೂ ಪ್ರತಿಯೊಬ್ಬನು ಬಿಚ್ಚಿ ಓದಬೇಕು. ದಿನಕ್ಕೊಮ್ಮೆ, ಪೂಜೆಯು ಮುಗಿದು ಲಿಂಗವನ್ನು ಕರಡಿಗೆಯಲ್ಲಿಡುವ ಮುನ್ನ, ಇಂದಿನ ನಡೆಯಲ್ಲಿ ಈ ಪೂಜೆಯು ಎಷ್ಟು ಕಂಡಿತೆಂದು ಕೇಳಿಕೊಂಡರೆ ಅವಧಾನದ ಮೆಟ್ಟಿಲಿಗೆ ಹೆಜ್ಜೆಯಿಟ್ಟಂತಾಗುವದು.